ಕೋರ್ಟಿನ ನಡುವೆ ಕೂತ ಮೇಷ್ಟ್ರು

ಅವರ ಬೆರಳುಗಳು ಯಾವಾಗಲೂ ತಣ್ಣಗಿರುತ್ತಿದ್ದವು. ಏಪ್ರಿಲ್ ತಿಂಗಳ ಸೆಕೆಯಲ್ಲೂ ಅಷ್ಟೇ. ಬೆಳಿಗ್ಗೆ ಆರು ಗಂಟೆಗೆ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಅಂಚಿನಲ್ಲಿ ನಾವು ಸಾಲಾಗಿ ನಿಂತರೆ ಆ ತಣ್ಣನೆಯ ಎರಡು ಬೆರಳುಗಳು ಒಬ್ಬೊಬ್ಬರ ಮಣಿಕಟ್ಟಿನ ಮೇಲೆ ಬಂದು ಕೂರುತ್ತಿದ್ದವು. ಅವರು ಕೈಗಡಿಯಾರ ನೋಡುತ್ತ, ತುಟಿ ಅಲುಗಿಸುತ್ತ ನಾಡಿ ಎಣಿಸುತ್ತಿದ್ದರು. ಎಣಿಸಿ ಮುಗಿಯುವವರೆಗೆ ಯಾರೂ ನಗುವಂತಿಲ್ಲ, ಕೆಮ್ಮುವಂತಿಲ್ಲ.

"ಎಪ್ಪತ್ತೆಂಟು" ಎನ್ನುತ್ತಿದ್ದರು ನನ್ನ ಕೈ ಬಿಟ್ಟು. "ನಿಂದು ಯಾವಾಗ್ಲೂ ಓಡ್ತಾನೇ ಇರ್ತದಲ್ಲಪ್ಪ, ಬಸ್ ತಪ್ಪಿಸ್ಕೊಂಡೋನ ಥರ."

ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದ ನವೀನನ ಕೈ ಹಿಡಿದಾಗ ಮಾತ್ರ ಅವರ ಮುಖ ಸ್ವಲ್ಪ ಸಡಿಲವಾಗುತ್ತಿತ್ತು. "ಐವತ್ತೆರಡು. ಎತ್ತಿನ ಎದೆ ಕಣ್ರಪ್ಪ ಇದು." ನವೀನ ನಮ್ಮ ತಂಡದ ಕ್ಯಾಪ್ಟನ್. ಆರಡಿ ಎರಡಂಗುಲ ಎತ್ತರ. ಆ ಮಾತು ಕೇಳಿ ಅವನು ಇನ್ನೂ ಒಂದಂಗುಲ ಬೆಳೆದವನ ಹಾಗೆ ನಿಲ್ಲುತ್ತಿದ್ದ.

ಅವರು ಚಿಂತಾಮಣಿಯ ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ಅಷ್ಟುದ್ದ ಯಾರು ಹೇಳುತ್ತಾರೆ, ಎಲ್ಲರಿಗೂ ಅವರು ಪಿ.ಡಿ. ಸರ್. ಆಟದ ಮೇಷ್ಟ್ರು ಎಂದರೆ ಎದೆ ಉಬ್ಬಿಸಿಕೊಂಡು ಗದರುವ ಆಳು ಎಂದು ನಾವು ಅಂದುಕೊಂಡಿದ್ದೆವು. ಇವರು ಗದರಿದ್ದನ್ನು ನಾನು ಕೇಳಿಯೇ ಇಲ್ಲ. ಇವರು ಹೆದರುತ್ತಿದ್ದರು. ವಿಸಲ್ಲಿನ ದಾರವನ್ನು ಕುತ್ತಿಗೆಗೆ ಹಾಕಿಕೊಳ್ಳುತ್ತಿರಲಿಲ್ಲ, ಎಲ್ಲಾದರೂ ಸಿಕ್ಕಿಕೊಂಡು ಬಿಗಿದರೆ ಎಂದು ಕೈಗೆ ಸುತ್ತಿಕೊಳ್ಳುತ್ತಿದ್ದರು. ಆಟಕ್ಕೆ ಮುಂಚೆ ಬ್ಯಾಸ್ಕೆಟ್ಟಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು. ಕೈಯ ಕಡಗ, ಉಂಗುರ ಬಿಚ್ಚಿಸಿ ಕರವಸ್ತ್ರದಲ್ಲಿ ಗಂಟು ಕಟ್ಟಿಕೊಳ್ಳುತ್ತಿದ್ದರು. ಜೇಬಿನಲ್ಲಿ ಸದಾ ಒಂದು ನೇಲ್ ಕಟರ್. ಬೇರೆ ಊರಿಗೆ ಪಂದ್ಯಕ್ಕೆ ಹೊರಟರೆ ಬಸ್ಸಿನಲ್ಲಿ ನಮ್ಮನ್ನು ಎರಡು ಸಲ ಎಣಿಸಿ, ಆಮೇಲೆ ನನ್ನ ಕಡೆ ತಿರುಗಿ "ನನ್ನನ್ನೂ ಸೇರಿಸ್ಕೊಂಡ್ನಾ?" ಎಂದು ಕೇಳುತ್ತಿದ್ದರು.

ನಾವು ಬೆನ್ನ ಹಿಂದೆ ಅವರಿಗೆ 'ಅಯ್ಯಯ್ಯೋ ಸರ್' ಎಂದು ಹೆಸರಿಟ್ಟಿದ್ದೆವು. ಯಾರಾದರೂ ಎಗರಿ ಬಿದ್ದರೆ ಅವರ ಬಾಯಿಂದ ವಿಸಲ್ಲಿಗಿಂತ ಮೊದಲು ಅದು ಬರುತ್ತಿತ್ತು. ತೀರಾ ಗಾಬರಿಯಾದರೆ ಅವರಿಗೆ ಕನ್ನಡ ಕೈಕೊಟ್ಟು ಮನೆಮಾತು ತೆಲುಗು ನುಗ್ಗಿ ಬರುತ್ತಿತ್ತು. "ನೀಕು ಭಯಂ ಲೇದಾ ರಾ?" ನಿನಗೆ ಹೆದರಿಕೆ ಅನ್ನೋದೇ ಇಲ್ವೇನೋ ಎಂದು. ನಾವು ಹಾಸ್ಟೆಲಿಗೆ ಹೋಗಿ ಅದನ್ನೇ ಅವರ ದನಿಯಲ್ಲಿ ಅಂದುಕೊಂಡು ಬಿದ್ದು ಬಿದ್ದು ನಗುತ್ತಿದ್ದೆವು.

ನಾನು ಹೇಳುತ್ತಿರುವುದು ನಮ್ಮ ಕೊನೆಯ ವರ್ಷದ ಮಾತು. ಆ ವರ್ಷ ನಮ್ಮ ತಂಡಕ್ಕೆ ಏನಾಗಿತ್ತೋ ಗೊತ್ತಿಲ್ಲ, ಮುಟ್ಟಿದ್ದೆಲ್ಲ ಕೈಗೂಡುತ್ತಿತ್ತು. ಶಿಡ್ಲಘಟ್ಟದವರನ್ನು ಅವರ ಊರಿನಲ್ಲೇ ಸೋಲಿಸಿದೆವು. ಚಿಕ್ಕಬಳ್ಳಾಪುರಕ್ಕೆ ಹೋಗಿ ಇಪ್ಪತ್ತು ಪಾಯಿಂಟ್ ಹಿಂದೆ ಇದ್ದವರು ಎರಡು ಪಾಯಿಂಟಿನಲ್ಲಿ ಗೆದ್ದು ಬಂದೆವು. ಅವತ್ತು ಬಸ್ಸಿನಲ್ಲಿ ನವೀನನನ್ನು ಹೆಗಲ ಮೇಲೆ ಕೂರಿಸಿಕೊಳ್ಳಲು ಹೋಗಿ ಅವನ ತಲೆ ಟಾಪಿಗೆ ಬಡಿದು, ಸರ್ ಚಿಕ್ಕಬಳ್ಳಾಪುರದಿಂದ ಚಿಂತಾಮಣಿಯವರೆಗೂ ಅವನ ತಲೆಗೆ ಒದ್ದೆ ಟವೆಲ್ ಒತ್ತಿಕೊಂಡೇ ಕೂತಿದ್ದರು. ಇನ್ನು ಉಳಿದದ್ದು ವಿಶ್ವವಿದ್ಯಾಲಯದ ವಲಯ ಮಟ್ಟದ ಪಂದ್ಯಾವಳಿ. ನಮ್ಮ ಬಾಯಲ್ಲಿ ಅದು ಝೋನಲ್. ಗೌರಿಬಿದನೂರಿನಲ್ಲಿ, ಶುಕ್ರವಾರ ಶನಿವಾರ ಎರಡು ದಿನ. ವಿಶ್ವವಿದ್ಯಾಲಯದ ತಂಡಕ್ಕೆ ಹುಡುಗರನ್ನು ಆರಿಸುವವರು ಅಲ್ಲಿಗೆ ಬರುತ್ತಿದ್ದರು. ಆ ತಂಡಕ್ಕೆ ಸೇರಿದರೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಆಗಬಹುದು ಎಂದು ನವೀನ ಎರಡು ವರ್ಷದಿಂದ ಕನಸು ಕಟ್ಟಿಕೊಂಡಿದ್ದ. ಖಾಕಿ ಬಟ್ಟೆಗೆ ಅಳತೆ ಕೊಡುವುದೊಂದು ಬಾಕಿ ಇತ್ತು.

ಝೋನಲ್‌ಗೆ ಎರಡು ವಾರ ಇರುವಾಗ ಸರ್ ನಮ್ಮನ್ನು ಕೋರ್ಟಿನಲ್ಲಿ ಸುತ್ತ ಕೂರಿಸಿಕೊಂಡರು.

"ನಾನು ಮುಂಚೆ ಇದ್ದ ಕಾಲೇಜಲ್ಲಿ ಒಬ್ಬ ಹುಡುಗ ಇದ್ದ" ಎಂದರು. "ವಾಲಿಬಾಲ್ ಆಡ್ತಿದ್ದ. ಒಂದಿನ ಬೆಳಿಗ್ಗೆ ನೀರು ಕುಡೀತೀನಿ ಸರ್ ಅಂತ ನಲ್ಲಿ ಹತ್ರ ಬಗ್ಗಿದ. ಏಳ್ಲಿಲ್ಲ. ನಾನು ವಿಸಲ್ ಹಿಡ್ಕೊಂಡು ನಿಂತಿದ್ದೆ ಕಣ್ರಪ್ಪ. ನಾಟಕ ಆಡ್ತಾವ್ನೆ ಅಂತ ಬೈದೂ ಬೈದೆ."

ಅವರ ಮಾತನ್ನು ಅಣಕಿಸುವುದರಲ್ಲಿ ಎತ್ತಿದ ಕೈಯಾಗಿದ್ದ ನಾನೂ ಅವತ್ತು ಹಾಸ್ಟೆಲಿನಲ್ಲಿ ಅದನ್ನು ಅಣಕಿಸಲಿಲ್ಲ.

"ನಂಗೆ ಹೆದ್ರಿಕೆ ಆಗ್ತದೆ. ನಾಚ್ಕೆ ಏನಿಲ್ಲ, ಹೇಳ್ಕೋತೀನಿ. ಮುಂದಿನ ಭಾನುವಾರ ನಂಗೆ ಗೊತ್ತಿರೋ ಡಾಕ್ಟ್ರ ಕ್ಲಿನಿಕ್ಕಲ್ಲಿ ಎಲ್ಲಾರ್ಗೂ ಇಸಿಜಿ ತೆಗೆಸ್ತೀನಿ. ಇಸಿಜಿ ಇಲ್ದೋನು ಗೌರಿಬಿದನೂರು ಬಸ್ ಹತ್ತಂಗಿಲ್ಲ."

ಆ ಭಾನುವಾರದ ಹಿಂದಿನ ದಿನವೇ ನನ್ನ ಅಪ್ಪನ ಫೋನ್ ಬಂತು. ನಮ್ಮದು ದಿಬ್ಬೂರಹಳ್ಳಿ, ಮನೆಯಲ್ಲಿ ರೇಷ್ಮೆ ಹುಳು ಸಾಕಣೆ. "ಹುಳ ಹಣ್ಣಾಗವೆ, ಬಂದ್ಬಿಡಪ್ಪ" ಎಂದರು. ಹಣ್ಣಾದ ಹುಳು ಗೂಡು ಕಟ್ಟಲು ಶುರು ಮಾಡಿದರೆ ಯಾರ ಇಸಿಜಿಗೂ ಕಾಯುವುದಿಲ್ಲ. ಮನೆಮಂದಿಯೆಲ್ಲ ಕೂತು ಒಂದೊಂದೇ ಆರಿಸಿ ಚಂದ್ರಿಕೆಗೆ, ಅಂದರೆ ಅವು ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡಬೇಕು. ಒಂದು ಕೈ ಕಡಿಮೆಯಾದರೂ ಬೆಳೆ ಹಾಳು. ನಾನು ಸರ್‌ಗೆ ಹೇಳಲು ಹೆದರಿ ನವೀನನಿಗೆ ಹೇಳಿದೆ. ಹಾಸ್ಟೆಲಿನಲ್ಲಿ ನಾನು, ನವೀನ, ಮುರುಗಮಲ್ಲದ ಇಮ್ರಾನ್ ಮೂವರೂ ಒಂದೇ ರೂಮು. ಇಮ್ರಾನ್ ತಂಡದವನಲ್ಲ.

"ಹೋಗೋ, ನಾನು ನೋಡ್ಕೋತೀನಿ" ಎಂದ ನವೀನ.

ಅವನು ನೋಡಿಕೊಂಡದ್ದು ಹೀಗೆ. ಕ್ಲಿನಿಕ್ಕಿನ ಬಾಗಿಲಲ್ಲಿ ಕಾಂಪೌಂಡರ್ ಪಟ್ಟಿ ಹಿಡಿದು ಹೆಸರು ಕೂಗುತ್ತಿದ್ದ. ಮೊದಲ ಹೆಸರೇ ನನ್ನದು. ಎರಡು ಸಲ ಕೂಗಿದ. ಮೂರನೆಯ ಸಲ ಕೂಗುವುದರೊಳಗೆ ನವೀನ "ಪ್ರೆಸೆಂಟ್ ಸರ್" ಎಂದು ಒಳಗೆ ಹೋಗಿ ಅಂಗಿ ಬಿಚ್ಚಿ ಮಲಗಿದ. ನಮ್ಮ ಕಾಲೇಜಿನಲ್ಲಿ ಪ್ರಾಕ್ಸಿ ಕೊಡದ ಹುಡುಗನಿಲ್ಲ. ತರಗತಿಯಲ್ಲಿ ಇಲ್ಲದವನ ಹೆಸರಿಗೆ ಇದ್ದವನು ಹೂಂಗುಟ್ಟುವುದು ಸ್ನೇಹದ ಮೊದಲ ಮರ್ಯಾದೆ. ಎದೆಗೆ ವೈರು ಅಂಟಿಸಿ ಚೀಟಿ ತೆಗೆಯುವುದೂ ನಮಗೆ ಹಾಜರಿಯ ಹಾಗೆಯೇ ಕಂಡಿತು. ನವೀನನ ಸ್ವಂತ ಹೆಸರು ಪಟ್ಟಿಯ ಕೊನೆಯಲ್ಲಿತ್ತು. ಆರಡಿ ಎರಡಂಗುಲದವನನ್ನು ಕಾಂಪೌಂಡರ್ ಮರೆಯುತ್ತಾನೆಯೇ? ಅದಕ್ಕೆ ಎದುರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ ಇಮ್ರಾನನನ್ನು ಕರೆದು ತನ್ನ ಹೆಸರಿಗೆ ಮಲಗಿಸಿದ.

ಸರ್ ಎಲ್ಲಿದ್ದರು ಎಂದು ನೀವು ಕೇಳಬಹುದು. ಮಕ್ಕಳ ಎದೆಗೆ ವೈರು ಹಾಕುವುದನ್ನು ನೋಡಲಾಗದೆ ರಸ್ತೆಯಾಚೆ ಬೀಡಾ ಅಂಗಡಿಯ ಮುಂದೆ ಕ್ಲಿನಿಕ್ಕಿಗೆ ಬೆನ್ನು ಹಾಕಿ ನಿಂತಿದ್ದರಂತೆ.

ಮಾರನೆಯ ದಿನ ಸಂಜೆ ನಾನು ಇನ್ನೂ ಊರಲ್ಲೇ ಇದ್ದೆ. ನಮ್ಮ ಬೀದಿಯ ತುದಿಯಲ್ಲಿ ಸರ್ ನಡೆದು ಬರುವುದು ಕಂಡಿತು. ಬಸ್ಸಿಳಿದು ಕೇಳಿಕೊಂಡು ಬಂದಿದ್ದರು. ಹುಳುವಿನ ಮನೆಗೆ ಹೊರಗಿನವರನ್ನು ಬಿಡುವುದಿಲ್ಲವಾದ್ದರಿಂದ ಅಮ್ಮ ಅಂಗಳದಲ್ಲೇ ಕುರ್ಚಿ ಹಾಕಿದಳು. ಸರ್ ಒಂದು ಚೊಂಬು ನೀರು ಪೂರ್ತಿ ಕುಡಿದರು. ಬೆಳೆ ಹೇಗಿದೆ ಎಂದು ಕೇಳಿದರು. ಗೂಡಿಗೆ ರೇಟು ಹೇಗಿದೆ ಎಂದು ಕೇಳಿದರು. ಆಮೇಲೆ ಇದ್ದಕ್ಕಿದ್ದಂತೆ ಅಪ್ಪನ ಎರಡೂ ಕೈ ಹಿಡಿದುಕೊಂಡರು.

"ಗಾಬ್ರಿ ಮಾಡ್ಕೋಬೇಡಿ. ನಿಮ್ಮ ಹುಡುಗನ ಇಸಿಜಿ ಸರಿ ಇಲ್ಲವಂತೆ. ಡಾಕ್ಟ್ರು ಫೋನ್ ಮಾಡಿದ್ರು. ಬೆಂಗಳೂರಿಗೆ ಕರ್ಕೊಂಡ್ಹೋಗಿ ಎದೆ ಸ್ಕ್ಯಾನ್ ಮಾಡಿಸ್ಬೇಕು. ಅಲ್ಲೀವರ್ಗೂ ಓಡೋದು, ಆಡೋದು ಏನೂ ಬೇಡ. ಬಸ್ ಹಿಂದೇನೂ ಓಡ್ಬಾರ್ದು."

ಅಮ್ಮ ನನ್ನನ್ನು ನೋಡಿದಳು, ನಾನು ಆಗಲೇ ಹೋಗಿಬಿಟ್ಟಿದ್ದೇನೆ ಎನ್ನುವ ಹಾಗೆ. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಹೆದರಿಕೆ ನನಗೂ ಆಯಿತು. ಆದರೆ ಅವರೆಲ್ಲ ಹೆದರಿದ್ದು ಒಂದಕ್ಕೆ, ನಾನು ಹೆದರಿದ್ದು ಇನ್ನೊಂದಕ್ಕೆ. ಆ ಭಾನುವಾರ ನಾನು ಕ್ಲಿನಿಕ್ಕಿನ ಮೆಟ್ಟಿಲೇ ಹತ್ತಿರಲಿಲ್ಲ. ಆ ಕಾಗದದಲ್ಲಿದ್ದ ಎದೆ ನನ್ನದಲ್ಲ.

ಸರ್ ಬಸ್ಸಿಗೆ ಹೋದ ಮೇಲೆ ಹಿಪ್ಪುನೇರಳೆ ತೋಟದ ಕಡೆ ಹೋಗಿ ನವೀನನಿಗೆ ಫೋನ್ ಮಾಡಿದೆ. ಯಾರು ಮಲಗಿದ್ದು ಎಂದು ಕೇಳಿದೆ.

"ನಾನೇ ಕಣೋ" ಎಂದ.

"ಸರ್‌ಗೆ ಹೇಳ್ಬಿಡು. ಈಗ್ಲೇ ಹೇಳು."

"ಝೋನಲ್ ಮುಗೀಲಿ. ಎರಡೇ ದಿನ. ಶನಿವಾರ ಸಾಯಂಕಾಲ ನಾನೇ ಅವ್ರ ಕಾಲು ಹಿಡ್ದು ಹೇಳ್ತೀನಿ. ಇಷ್ಟು ವರ್ಷ ಆಡ್ದೋನಿಗೆ ಆಗ್ದಿದ್ದು ಇನ್ನೆರಡು ದಿನದಲ್ಲಿ ಆಗ್ತದಾ?"

"ನಿಮ್ಮ ದೊಡ್ಡಪ್ಪ..." ಎಂದೆ ನಾನು. ಅವನ ದೊಡ್ಡಪ್ಪ ಮೂವತ್ತಾರನೆಯ ವಯಸ್ಸಿಗೆ ಅಂಬಾಜಿದುರ್ಗದ ಕೆಳಗಿನ ಹೊಲದಲ್ಲಿ ಟೊಮ್ಯಾಟೊ ಕ್ರೇಟು ಎತ್ತುವಾಗ ಕುಸಿದು ಹೋದವರು. ಆ ಕತೆಯನ್ನು ಅವನೇ ನನಗೆ ಹೇಳಿದ್ದ.

"ಆ ಮಾತು ಎತ್ಬೇಡ" ಎಂದ. ಆಮೇಲೆ ದನಿ ತಗ್ಗಿಸಿ, "ಬಾಯಿ ಬಿಡಲ್ಲ ಅಂತ ನಮ್ಮಮ್ಮನ ಆಣೆ ಇಡೋ" ಎಂದ.

ಇಟ್ಟೆ. ಅಮ್ಮ ಅವತ್ತಿನಿಂದ ನಾಲ್ಕು ದಿನ ಸರಿಯಾಗಿ ಉಣ್ಣಲಿಲ್ಲ. ನನಗೆ ನೀರಿನ ಬಿಂದಿಗೆ ಮುಟ್ಟಲೂ ಬಿಡಲಿಲ್ಲ. ಸೋಮವಾರ ಬೆಂಗಳೂರಿಗೆ ಹೊರಡುವುದು ಎಂದು ಅಪ್ಪ ನೆಂಟರನ್ನೆಲ್ಲ ವಿಚಾರಿಸಿ ಆಸ್ಪತ್ರೆ ಗೊತ್ತು ಮಾಡಿದರು. ಒಂದು ಮಾತು ಹೇಳಿದ್ದರೆ ಅವರ ಭಯ ಅಲ್ಲೇ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಹೇಳಿದರೆ ನವೀನನ ಆಟ ಹೋಗುತ್ತದೆ, ಹೇಳದಿದ್ದರೆ ನವೀನನೇ ಹೋಗಬಹುದು. ಈ ಎರಡರ ನಡುವೆ ನಾನು ತಕ್ಕಡಿ ಹಿಡಿದು ಕೂತಿದ್ದೆ ಎಂದು ಹೇಳಿಕೊಂಡರೆ ಚೆನ್ನಾಗಿರುತ್ತದೆ. ನಿಜ ಹೇಳುತ್ತೇನೆ, ನಾನು ಏನನ್ನೂ ತೂಗಲಿಲ್ಲ. ಸುಮ್ಮನೆ ಹೆದರಿಕೊಂಡಿದ್ದೆ, ಅಷ್ಟೇ.

ಆಡದಿದ್ದರೂ ತಂಡದ ಜೊತೆ ಹೋಗುತ್ತೇನೆಂದು ಹಟ ಮಾಡಿದೆ. ನವೀನ ಕಣ್ಣಮುಂದೆ ಇದ್ದರೆ ಏನೂ ಆಗುವುದಿಲ್ಲ ಎಂಬ ಮೂಢನಂಬಿಕೆ ನನಗೆ. ಸರ್ ಬಹಳ ಯೋಚಿಸಿ ಒಪ್ಪಿದರು. ಒಂದೇ ಷರತ್ತು, ಅವರ ಪಕ್ಕ ಬಿಟ್ಟು ಏಳುವಂತಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನಗೇ. ನನ್ನ ಬ್ಯಾಗು ಅವರ ತೊಡೆಯ ಮೇಲೆ. ದಾರಿಯುದ್ದಕ್ಕೂ ಅರ್ಧ ಗಂಟೆಗೊಮ್ಮೆ "ಹೆಂಗಿದೀಯಪ್ಪ?" ಎಂದು ಕೇಳಿದರು. ಅವರ ಆ ಕಾಳಜಿ ನನಗೆ ಹಿಂಸೆಯಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ನವೀನ ಹುಡುಗರ ಜೊತೆ ಹಾಡು ಹೇಳಿಕೊಂಡು ಬರುತ್ತಿದ್ದ.

ಶುಕ್ರವಾರದ ಎರಡು ಪಂದ್ಯ ಸಲೀಸಾಗಿ ಗೆದ್ದೆವು. ನವೀನನಿಗೆ ಏನೂ ಆಗಲಿಲ್ಲ. ನನಗೆ ಸ್ವಲ್ಪ ಧೈರ್ಯ ಬಂತು, ಆ ಚೀಟಿ ಬರೆದ ಮಷಿನ್ನೇ ಕೆಟ್ಟಿರಬೇಕು ಎಂದುಕೊಂಡೆ. ಶನಿವಾರ ಮಧ್ಯಾಹ್ನ ಸೆಮಿಫೈನಲ್. ಎದುರಾಳಿ ಚಿಕ್ಕಬಳ್ಳಾಪುರದವರು, ಹಳೆಯ ಸೋಲಿಗೆ ಹಲ್ಲು ಮಸೆದುಕೊಂಡು ಬಂದಿದ್ದರು. ಬಿಸಿಲು ಸಿಮೆಂಟಿನ ನೆಲದಿಂದ ಮುಖಕ್ಕೆ ಹೊಡೆಯುತ್ತಿತ್ತು. ಕೋರ್ಟಿನ ಸುತ್ತ ಜನ ನಿಂತು ಶಿಳ್ಳೆ ಹಾಕುತ್ತಿದ್ದರು.

ಆಟ ಶುರುವಾದ ಮೇಲೆ ನಾನು ತಲೆ ಎತ್ತಲಿಲ್ಲ. ನವೀನ ಓಡುವುದನ್ನು ನೋಡಲಾಗದೆ ನನ್ನ ಶೂ ನೋಡುತ್ತ ಕೂತಿದ್ದೆ. ಚೆಂಡು ನೆಲಕ್ಕೆ ಬಡಿಯುವ ಸದ್ದು ನಿಂತಾಗಲೆಲ್ಲ ಅವನು ಬಿದ್ದನೇನೋ ಎಂದು ಬೆಂಚಿನ ಅಂಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಮತ್ತೆ ಸದ್ದು ಶುರುವಾದರೆ ಕೈ ಸಡಿಲಿಸುತ್ತಿದ್ದೆ. ಮೂರನೆಯ ಕ್ವಾರ್ಟರಿನಲ್ಲಿ ಸರ್ ಎಂದಿನಂತೆ ನನ್ನ ಮಣಿಕಟ್ಟಿಗೆ ಬೆರಳಿಟ್ಟರು.

"ನೂರಾ ಹನ್ನೆರಡು!" ಎಂದರು. "ಕೂತಿರೋನಿಗೆ ನೂರಾ ಹನ್ನೆರಡು! ಎದೆ ನೋಯ್ತಾ ಇದ್ಯಾ? ತಲೆ ಸುತ್ತಾ?"

"ಇಲ್ಲ ಸರ್."

ಅವರು ನಂಬಲಿಲ್ಲ. ನಮ್ಮಪ್ಪನ ಕೈಗೆ ಕೊಡಲೆಂದು ಬರುವಾಗ ಕ್ಲಿನಿಕ್ಕಿನಿಂದ ಇಸಿಜಿ ಚೀಟಿ ತಂದಿದ್ದರು. ಡಾಕ್ಟರ ನಂಬರು ಅದರ ಮೇಲಿತ್ತು. ಕವರು ಬಿಚ್ಚಿ, ಫೋನ್ ತೆಗೆದು ನಾಲ್ಕು ಅಂಕಿ ಒತ್ತಿದರು. ಐದನೆಯದಕ್ಕೆ ಬೆರಳು ನಿಂತಿತು. ಚೀಟಿಯನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು.

"ಹಾರ್ಟ್ ರೇಟ್ ಐವತ್ತೆರಡು ಅಂತ ಐತಲ್ಲೋ" ಎಂದರು ಮೆಲ್ಲಗೆ. "ನಿಂದು ಎಪ್ಪತ್ತೈದರ ಕೆಳಕ್ಕೆ ಬಂದಿದ್ದನ್ನ ನಾನು ಒಂದಿನಾನೂ ನೋಡಿಲ್ಲ."

ನಾನು ಶೂ ನೋಡುತ್ತಿದ್ದೆ.

"ಅವತ್ತು ನೀನು ಹೋಗಿದ್ಯಾ?"

ನಾನು ಶೂ ಲೇಸು ಬಿಚ್ಚಿ ಮತ್ತೆ ಕಟ್ಟತೊಡಗಿದೆ.

"ಯಾರಪ್ಪ ಹೋಗಿದ್ದು? ಬೈಯಲ್ಲ. ಹೇಳಪ್ಪ. ಯಾರ್ದಿದು?"

ಮೂರು ಸಲ ಕೇಳಿದರು. ಮೂರನೆಯ ಸಲ ಅವರ ದನಿ ಅಳುವ ಹಾಗಿತ್ತು. ನಾನು ಹೇಳಲಿಲ್ಲ. ನವೀನನ ಅಮ್ಮನ ಆಣೆಯನ್ನು ನೆನೆದು ಸುಮ್ಮನಿದ್ದೆನೋ, ಪ್ರಾಕ್ಸಿ ಗೊತ್ತಾದರೆ ಕಾಲೇಜಿನಿಂದ ಹೊರಗೆ ಹಾಕುತ್ತಾರೆ ಎಂದು ಸುಮ್ಮನಿದ್ದೆನೋ, ಇವತ್ತಿಗೂ ನನಗೆ ತಿಳಿದಿಲ್ಲ.

ಸರ್ ಕೋರ್ಟಿನ ಕಡೆ ತಿರುಗಿದರು. ನಾಡಿ ಐವತ್ತೆರಡರ ಹುಡುಗ ನಮ್ಮಲ್ಲಿ ಒಬ್ಬನೇ. ಅವನು ಆಗ ಚೆಂಡು ಹಿಡಿದು ನಡುಗೆರೆ ದಾಟುತ್ತಿದ್ದ.

ಹುಡುಗನನ್ನು ಬದಲಾಯಿಸಲು ಒಂದು ಕ್ರಮವಿದೆ. ಸ್ಕೋರರ್ ಮೇಜಿಗೆ ಹೇಳಬೇಕು, ಆಟ ನಿಲ್ಲುವವರೆಗೆ ಕಾಯಬೇಕು. ನಿಯಮ ಎಂದರೆ ದೇವರು ಎನ್ನುತ್ತಿದ್ದ ನಮ್ಮ ಸರ್, ಆಡುವಾಗ ಗೆರೆ ತುಳಿದರೂ ನಮ್ಮನ್ನು ಬಿಡದಿದ್ದ ನಮ್ಮ ಸರ್, ಎದ್ದು ಸೀದಾ ಆಟದ ಮಧ್ಯಕ್ಕೆ ನಡೆದರು. ಹೊಟ್ಟೆ ಮುಂದೆ ಮಾಡಿಕೊಂಡು, ಒಂದು ಕೈಯಲ್ಲಿ ಆ ಚೀಟಿ, ಇನ್ನೊಂದು ಕೈಯಲ್ಲಿ ವಿಸಲ್ಲು. ಇಬ್ಬರು ಆಟಗಾರರು ಅವರಿಗೆ ಡಿಕ್ಕಿ ಹೊಡೆದರು. ರೆಫ್ರಿ ವಿಸಲ್ ಮೇಲೆ ವಿಸಲ್ ಊದಿದರು. ಜನ ಹೋ ಎಂದು ನಕ್ಕರು. ಸರ್ ನವೀನನ ತೋಳು ಹಿಡಿದುಕೊಂಡರು.

"ಬಾ ಆಚೆಗೆ."

"ಏನ್ಸಾರ್! ಬಿಡಿ ಸಾರ್! ನಾಲ್ಕು ಪಾಯಿಂಟ್ ಅಷ್ಟೇ ಇರೋದು!" ಎಂದು ನವೀನ ಕೈ ಕೊಸರಿಕೊಂಡ. ಅವನ ಬಲ ಅವರಿಗೆಲ್ಲಿಂದ ಬರಬೇಕು.

ಕೈ ಜಾರಿದೊಡನೆ ಸರ್ ಅಲ್ಲೇ, ಕೋರ್ಟಿನ ನಡುವಿನ ವೃತ್ತದಲ್ಲಿ, ಕಾಯ್ದ ಸಿಮೆಂಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

"ನೀನು ಆಚೆ ಹೋಗೋವರ್ಗೂ ನಾನು ಏಳಲ್ಲ. ಆಟಾನೂ ನಡೆಯಲ್ಲ. ಏನ್ ಮಾಡ್ತೀರೋ ಮಾಡ್ಕೊಳ್ಳಿ." ಆಮೇಲೆ ತೆಲುಗಿಗೆ ಹೊರಳಿದರು. "ನಾಕು ಭಯಂಗಾ ಉಂದಿ ರಾ. ದಂಡಂ ಪೆಡತಾನು, ಪೋ ರಾ." ನನಗೆ ಭಯವಾಗ್ತಿದೆ ಕಣೋ, ಕೈ ಮುಗೀತೀನಿ, ಹೋಗೋ. ನಿಜವಾಗಿಯೂ ಕೈ ಮುಗಿದರು, ತಮ್ಮ ವಿದ್ಯಾರ್ಥಿಗೆ, ಅಷ್ಟು ಜನರ ಮುಂದೆ.

ನಗು ನಿಂತಿತು. ನವೀನ ಆ ಚೀಟಿಯನ್ನು ನೋಡಿದ, ಅವರ ಮುಖ ನೋಡಿದ. ಬನಿಯನ್ನಿನಲ್ಲಿ ಮುಖ ಒರೆಸಿಕೊಂಡು ತಲೆ ತಗ್ಗಿಸಿ ಹೊರಗೆ ನಡೆದ. ಸರ್ ಏಳಲು ಹೋದರೆ ಕಾಲು ಹಿಡಿದಿತ್ತು. ಇಬ್ಬರು ಹುಡುಗರು ಎತ್ತಿ ನಿಲ್ಲಿಸಿದರು. ರೆಫ್ರಿ ಅವರನ್ನು ಮೈದಾನದಿಂದಲೇ ಆಚೆ ಕಳಿಸಿದರು. ಅವರು ಅದನ್ನು ಕೇಳಿಸಿಕೊಂಡಂತೆಯೂ ಕಾಣಲಿಲ್ಲ. ನವೀನನನ್ನು ಆಟೋಗೆ ಹತ್ತಿಸಿ, ಅವನ ಮಣಿಕಟ್ಟು ಹಿಡಿದುಕೊಂಡೇ ಆಸ್ಪತ್ರೆಗೆ ಹೊರಟರು. ಹೊರಡುವ ಮುಂಚೆ ನನ್ನನ್ನು ನೋಡಿ, "ನಿಂಗೇನೂ ಆಗಿಲ್ಲ. ಮೊದ್ಲು ನಿಮ್ಮಮ್ಮಂಗೆ ಫೋನ್ ಮಾಡು. ಆಮೇಲೆ ಹೋಗಿ ಆಡು" ಎಂದರು. ನಾನು ಹೋಗಿ ಆಡಿದೆ. ಹನ್ನೊಂದು ಪಾಯಿಂಟಿನಿಂದ ಸೋತೆವು. ನಮ್ಮ ಆ ವರ್ಷದ ಆಟ ಅಲ್ಲಿಗೆ ಮುಗಿಯಿತು.

ಬೆಂಗಳೂರಿನಲ್ಲಿ ಸ್ಕ್ಯಾನ್ ಆಯಿತು. ನವೀನನ ಹೃದಯದ ಗೋಡೆ ಇರಬೇಕಾದ್ದಕ್ಕಿಂತ ಬಹಳ ದಪ್ಪವಾಗಿತ್ತು. ಹುಟ್ಟಿನಿಂದ ಬಂದದ್ದು, ದೊಡ್ಡಪ್ಪನದೂ ಅದೇ ಇದ್ದಿರಬೇಕು ಎಂದರು. ಜೋರಾಗಿ ಓಡುವಾಗ ಯಾವ ಕ್ಷಣದಲ್ಲಾದರೂ ನಿಲ್ಲಬಹುದಿತ್ತು, ನಿಲ್ಲದೆಯೂ ಇರಬಹುದಿತ್ತು ಎಂದರು. ಕೆಲವು ತಿಂಗಳ ಮೇಲೆ ಎದೆಯ ಚರ್ಮದ ಕೆಳಗೆ ಒಂದು ಸಣ್ಣ ಯಂತ್ರ ಇಟ್ಟರು. ಪೊಲೀಸ್ ಕನಸು ಅಲ್ಲಿಗೆ ಮುಗಿಯಿತು. ಸರ್‌ಗೆ ಪ್ರಿನ್ಸಿಪಾಲರಿಂದ ನೋಟಿಸು ಬಂತು. ಚೀಟಿ ತೆಗೆಸುವಾಗ ತಾನು ಎದುರಿಗೆ ಇರಲಿಲ್ಲ, ತಪ್ಪು ತನ್ನದು ಎಂದು ಬರೆದುಕೊಟ್ಟರಂತೆ. ನಮ್ಮ ಹೆಸರುಗಳು ಅದರಲ್ಲಿ ಇರಲಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆದದ್ದನ್ನು ಹೇಳಬೇಕು. ನವೀನನ ಅಮ್ಮ ಸರ್ ಕಾಲಿಗೆ ಬೀಳಲು ಬಂದರು. ಸರ್ ಎರಡು ಹೆಜ್ಜೆ ಹಿಂದೆ ಸರಿದು ನನ್ನ ಕಡೆ ಬೆರಳು ತೋರಿಸಿದರು.

"ನಂಗೇನು ಗೊತ್ತಿತ್ತಮ್ಮ? ಇವ್ನೇ ಹೇಳಿದ್ದು. ಬೆಂಚ್ ಮೇಲೆ ಕೂತಿದ್ದಾಗ ಬಾಯಿ ಬಿಟ್ಟ. ಇವನಿಂದ ನಿಮ್ಮ ಹುಡುಗ ಉಳ್ಕೊಂಡ."

ಆ ತಾಯಿ ನನ್ನ ಕೆನ್ನೆ ಸವರಿ ಲಟಿಕೆ ಮುರಿದರು. ನೆಲ ಬಾಯಿ ಬಿಟ್ಟರೆ ಇಳಿದು ಹೋಗುತ್ತಿದ್ದೆ. ಆಮೇಲೆ ಸರ್ ಒಬ್ಬರೇ ಸಿಕ್ಕಾಗ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

"ಇಲ್ದಿದ್ರೆ ಇವತ್ತಿಂದ ನೀನು ಹೆಂಗಪ್ಪ ಬದುಕ್ತಿದ್ದೆ?" ಎಂದರು. "ಆ ವಾಲಿಬಾಲ್ ಹುಡುಗನ್ನ ನಾನು ಬೈದೆ ಅಂದ್ನಲ್ಲ. ಅದನ್ನ ಹೊತ್ಕೊಂಡು ಬದುಕೋದು ಏನೂಂತ ನಂಗೆ ಗೊತ್ತು. ನಿನ್ನ ಮುಖ ನೋಡಿ ನಂಗೆ ನಿನ್ನ ಬಗ್ಗೇನೂ ಹೆದ್ರಿಕೆ ಆಯ್ತು."

ಈಗ ನಾನೂ ಮೇಷ್ಟ್ರು, ಶಿಡ್ಲಘಟ್ಟದ ಹತ್ತಿರದ ಒಂದು ಹೈಸ್ಕೂಲಿನಲ್ಲಿ. ಪ್ರವಾಸಕ್ಕೆ ಹೊರಟರೆ ಮಕ್ಕಳನ್ನು ಎರಡು ಸಲ ಎಣಿಸುತ್ತೇನೆ. ಬಾವಿ ಎಂದರೆ, ಕೆರೆ ಎಂದರೆ, ಯಾರಾದರೂ ತಲೆ ಸುತ್ತುತ್ತದೆ ಸರ್ ಎಂದರೆ ನನ್ನ ಬಾಯಲ್ಲೂ ಅದೇ 'ಅಯ್ಯಯ್ಯೋ'. ನನಗೂ ಮಕ್ಕಳು ಬೆನ್ನ ಹಿಂದೆ ಏನೋ ಹೆಸರಿಟ್ಟಿರುತ್ತಾರೆ, ಇಟ್ಟುಕೊಳ್ಳಲಿ. ನವೀನ ಊರಿನಲ್ಲೇ ಹಾಲಿನ ಡೇರಿಯ ಕಾರ್ಯದರ್ಶಿ. ಮದುವೆಯಾಗಿದೆ, ಮಗಳಿದ್ದಾಳೆ. ಅವರ ಮನೆಗೆ ಹೋದರೆ ಅವನ ಅಮ್ಮ ಇವತ್ತಿಗೂ ನನಗೆ ಮೊದಲು ಬಡಿಸುತ್ತಾರೆ. ನಾನು ತಲೆ ಬಗ್ಗಿಸಿಕೊಂಡು ಉಣ್ಣುತ್ತೇನೆ.

ಸರ್ ಕಳೆದ ವರ್ಷ ತೀರಿಕೊಂಡರು. ಜಾಂಡೀಸ್ ಆಗಿ ಮೂರು ವಾರ ಮಲಗಿದ್ದರು. ನೋಡಲು ಹೋದಾಗ ಗುರುತು ಹಿಡಿದು, ಬೈಕಿನಲ್ಲಿ ಬಂದೆ ಎಂದದ್ದಕ್ಕೆ "ಹೆಲ್ಮೆಟ್ ಎಲ್ಲಿ?" ಎಂದು ಕೇಳಿದರು. ಅದೇ ನನ್ನೊಂದಿಗೆ ಅವರ ಕೊನೆಯ ಮಾತು. ಹನ್ನೊಂದನೆಯ ದಿನದ ಕಾರ್ಯಕ್ಕೆ ನಮ್ಮ ತಂಡದವರೆಲ್ಲ ಬಂದಿದ್ದರು. ಊಟ ಮುಗಿಸಿ, ಅವರ ಮನೆಯ ಹಿಂದಿನ ನೀರಿನ ತೊಟ್ಟಿಯ ಹತ್ತಿರ ನಾನು, ನವೀನ ಇಬ್ಬರೇ ಕೈ ತೊಳೆಯುತ್ತಿದ್ದೆವು. ಅವರಿಲ್ಲದ ಮೇಲೆ ಆ ಸುಳ್ಳನ್ನು ನಾನೊಬ್ಬನೇ ಹೊತ್ತಿದ್ದೆ. ಇನ್ನು ಆಗಲಿಲ್ಲ.

"ಅವತ್ತು ಗೌರಿಬಿದನೂರಲ್ಲಿ ನಾನು ಸರ್‌ಗೆ ಏನೂ ಹೇಳಿರ್ಲಿಲ್ಲ ಕಣೋ" ಎಂದೆ. "ಮೂರು ಸಲ ಕೇಳಿದ್ರು. ನಾನು ಬಾಯಿ ಬಿಡ್ಲಿಲ್ಲ. ಅವ್ರೇ ಕಂಡು ಹಿಡಿದ್ರು."

"ಗೊತ್ತು" ಎಂದ ನವೀನ.

"ಯಾವಾಗಿಂದ?"

"ಅವತ್ತಿಂದ್ಲೇ." ಅವನು ಕೈ ಒರೆಸಿಕೊಂಡು ತೊಟ್ಟಿಯ ಕಟ್ಟೆಯ ಮೇಲೆ ಕೂತ. "ಮೊದಲ್ನೇ ಕ್ವಾರ್ಟರಲ್ಲೇ ಎದೆ ಒಳಗೆ ಏನೋ ಮಗುಚ್ಕೊಂಡಂಗೆ ಆಯ್ತು ಕಣೋ. ಪ್ರಾಣ ಹೋಗೋ ಅಷ್ಟು ಹೆದ್ರಿಕೆ ಆಯ್ತು. ನಂಗೆ ಹುಷಾರಿಲ್ಲ, ಆಡಲ್ಲ ಅಂತ ಹೇಳಕ್ಕೆ ನನ್ನ ಬಾಯಿಂದ ಆಗ್ಲಿಲ್ಲ. ಅದಕ್ಕೆ ಬಾಲ್ ಸಿಕ್ದಾಗೆಲ್ಲ ಬೆಂಚ್ ಕಡೆ ನೋಡ್ತಿದ್ದೆ. ಇವನಾದ್ರೂ ಹೇಳ್ತಾನೆ, ಈಗ ಹೇಳ್ತಾನೆ ಅಂತ ಕಾಯ್ತಿದ್ದೆ. ಸರ್ ಚೀಟಿ ಹಿಡ್ಕೊಂಡು ಕೇಳ್ದಾಗ್ಲೂ ನೀನು ತಲೇನೇ ಎತ್ಲಿಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಬೆಂಚಿನ ಮೇಲೆ ಅವತ್ತು ಹೆದರಿಕೊಂಡು ಕೂತವರು ನಾನು, ಸರ್ ಇಬ್ಬರೂ. ಎದ್ದು ಹೋದವರು ಅವರೊಬ್ಬರೇ.